ಜಗಳದ ಪಟ್ಟಿಗೆ ಇಳಿದ ವಿಮಾನ

ನನ್ನ ನೆಗೆಣ್ಣಿ ನನಗೆ ಕಲಿಸಿದ ವಿದ್ಯೆ ಒಂದೇ, ಸುಣ್ಣ ಕಲೆಸುವುದು. ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ಕಲಬುರಗಿಯ ಬ್ರಹ್ಮಪುರದಿಂದ ಕಮಲಾಪುರಕ್ಕೆ ನಾನು ಸೊಸೆಯಾಗಿ ಬಂದ ಹೊಸದು. ಹಬ್ಬಕ್ಕೆ ಗೋಡೆ ಬಳಿಯುತ್ತಿದ್ದೆ. ಆಕೆ ಬಂದು ನನ್ನ ಕೈಯಿಂದ ಗಡಿಗೆ ಕಸಿದುಕೊಂಡು, "ಪೇಟಿ ಮಂದಿಗಿ ಸುಣ್ಣ ಕಲಸಲಿಕ್ಕೂ ಬರಂಗಿಲ್ಲ ನೋಡ್ರೆವ್ವಾ, ಗೋಡಿ ಮುಟ್ಟಿದ್ರ ಸೀರಿಗಿ ಹತ್ತತದ" ಅಂದಳು. ಸುಟ್ಟ ಹರಳನ್ನು ನೀರಿಗೆ ಹಾಕಿ, ಕುದಿ ಆರಿದ ಮೇಲೆ ಹಳೆಯ ಧೋತರದಲ್ಲಿ ಸೋಸಿ, ಜೋಳದ ಗಂಜಿ ಬೆರೆಸಿ, ಒಂದು ಹಿಡಿ ಉಪ್ಪು ಹಾಕಬೇಕು. ಹಾಗೆ ಕಲೆಸಿದ ಬಿಳುಪು ಮಳೆಗೂ ಜಗ್ಗುವುದಿಲ್ಲ. ಕಲಿತೆ, ನಿಜ. ಆದರೆ ಋಣವೇನೂ ಇಲ್ಲ. ಓಣಿಯ ಹೆಂಗಸರ ಮುಂದೆ ನನ್ನ ಮುಖ ಇಳಿಸಲಿಕ್ಕೆ ಆಕೆ ಕಲಿಸಿದ್ದು ಅದು.

ಆಗಿನ್ನೂ ನಿಜಾಮರ ಸರ್ಕಾರ. ದೊಡ್ಡ ಯುದ್ಧ ಶುರುವಾಗಿರಲಿಲ್ಲ. ಮಾವನವರು ತೀರಿಕೊಂಡ ಮೇಲೆ ನಮ್ಮ ಮನೆ ಎರಡಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು, ಒಲೆ ಎರಡಾದವು, ಎಮ್ಮೆಗಳು ಹಂಚಿಹೋದವು. ಕಗ್ಗಂಟಾದದ್ದು ಹೊಲ. ಹುಮನಾಬಾದಿಗೆ ಹೋಗುವ ದೊಡ್ಡ ರಸ್ತೆಯ ಮಗ್ಗುಲಿಗೆ ಉದ್ದಕ್ಕೆ ಚಾಚಿಕೊಂಡ ಕೆಂಪು ಗರಸು ಮಣ್ಣಿನ ಹೊಲ ಅದು. ಬಡಗಣ ಭಾಗ ಭಾವನವರಿಗೆ ಬಂತು, ಅದರಲ್ಲಿ ಬಾವಿ. ತೆಂಕಣ ಭಾಗ ನಮಗೆ ಬಂತು, ಅದರಲ್ಲಿ ಕೆಂಪುಬಾಳೆಯ ತೋಟ. ಬಾವಿಯ ನೀರು ಅಣ್ಣತಮ್ಮಂದಿರಿಬ್ಬರದೂ ಎಂದು ಮಾವನವರು ಹಿರಿಯರೆದುರು ಹೇಳಿಯೇ ಕಣ್ಣುಮುಚ್ಚಿದ್ದರು. ಎರಡು ಭಾಗಗಳ ನಡುವೆ, ಹೊಲದ ಉದ್ದಕ್ಕೂ ಹೋಗುವ ಒಂದು ಅಗಲವಾದ ಪಟ್ಟಿ ಉಳಿದಿತ್ತು. ಅದು ಯಾರದೆಂದು ಅವರು ಹೇಳಿರಲಿಲ್ಲ, ಕೇಳುವ ಬುದ್ಧಿ ಯಾರಿಗೂ ಬಂದಿರಲಿಲ್ಲ.

ಭಾವನವರು ಪಟ್ಟಿ ತಮ್ಮದೆಂದು ತಮ್ಮ ಬಾಂದಗಲ್ಲುಗಳನ್ನು ತಂದು ನಮ್ಮ ಕಡೆಯ ಅಂಚಿಗೆ ಸಾಲಾಗಿ ನೆಟ್ಟರು. ನಮ್ಮವರು ಸುಮ್ಮನಿದ್ದಾರೆಯೆ? ಪಟ್ಟಿ ನಮ್ಮದೆಂದು ನಮ್ಮ ಕಲ್ಲುಗಳನ್ನು ಅವರ ಕಡೆಯ ಅಂಚಿಗೆ ನೆಟ್ಟರು. ಹೀಗೆ ನಡುವಿನ ನೆಲ ಎರಡು ಸಾಲು ಕಲ್ಲುಗಳ ಒಳಗೆ ಸಿಕ್ಕಿಕೊಂಡಿತು. ಅವರು ನೇಗಿಲು ಇಳಿಸಿದರೆ ನಾವು ಎತ್ತಿನ ಮೂಗುದಾರ ಹಿಡಿದೆವು. ನಾವು ಇಳಿಸಿದರೆ ಅವರು ನೇಗಿಲಿನ ಈಸುಮರ ಕಿತ್ತರು. ಕೊನೆಗೆ ಊರಿನ ಗೌಡರು, "ತಹಸೀಲ ಕಚೇರಿಯಿಂದ ನಿಕಾಲಿ ಆಗೂತನಕ ಯಾರೂ ಅದರಾಗ ಬಿತ್ತಬ್ಯಾಡ್ರಿ" ಎಂದು ಗೆರೆ ಎಳೆದರು.

ಬಿತ್ತಬೇಡಿ ಅಂದರು ಸರಿ. ಕಣ ಮಾಡಬೇಡಿ ಅಂದಿರಲಿಲ್ಲ. ಸುಗ್ಗಿ ಬಂದಾಗ ಭಾವನವರು ಪಟ್ಟಿಯ ಮೂಡಣ ತುದಿಯಲ್ಲಿ ತೆನೆ ಬಡಿಯುವ ಕಣ ಮಾಡಿದರು. ನಾವು ಪಡುವಣ ತುದಿಯಲ್ಲಿ ಮಾಡಿದೆವು. ಕಣ ಅಂದರೆ ಗೊತ್ತಲ್ಲ, ಹುಲ್ಲು ಕೆತ್ತಿ, ನೀರು ಹೊಡೆದು, ಕಲ್ಲಿನ ಗುಂಡು ಉರುಳಿಸಿ ನೆಲ ಗಟ್ಟಿ ಮಾಡಿ, ಮೇಲೆ ಸೆಗಣಿ ಸಾರಿಸಬೇಕು. ನಮ್ಮ ಕಡೆ ಒಂದು ನಂಬಿಕೆ, ಕಣ ಯಾರು ಸಾರಿಸಿದರೋ ನೆಲ ಅವರ ಕೈಯಲ್ಲಿದೆ ಎಂದು. ಮರುವರ್ಷ ಅವರ ಕಣ ಒಂದಿಷ್ಟು ಮುಂದಕ್ಕೆ ಬಂತು. ನಮ್ಮದೂ ಬಂತು. ಅದರ ಮರುವರ್ಷ ಇನ್ನೂ ಬಂತು. ಕೊನೆಗೆ ಎರಡೂ ಕಣಗಳು ನಡುವೆ ಒಂದಕ್ಕೊಂದು ತಾಗಿ, ಪಟ್ಟಿಯ ಆ ತುದಿಯಿಂದ ಈ ತುದಿಯವರೆಗೆ ಒಂದು ಗರಿಕೆ ಇಲ್ಲದ, ಅಂಗೈಯಂಥ ನೆಲ ಆಗಿಬಿಟ್ಟಿತು. ಹಾದಿಯಲ್ಲಿ ಹೋಗುವವರು, "ಇಷ್ಟು ದೊಡ್ಡ ಕಣ ಮಾಡೀರಿ, ಅಷ್ಟು ಜ್ವಾಳ ಎಲ್ಲಿ ಅದ ನಿಮ್ಮಲ್ಲಿ?" ಎಂದು ನಗುತ್ತಿದ್ದರು. ನಗಲಿ. ಅವರ ನೀರು ಯಾರೂ ಕಟ್ಟಿರಲಿಲ್ಲ.

ನಮ್ಮ ನೀರು ಕಟ್ಟಿದ್ದರು. ಬಾವಿಯಿಂದ ತೋಟಕ್ಕೆ ಬರುವ ಕಾಲುವೆ ಈ ಪಟ್ಟಿಯನ್ನು ಅಡ್ಡಹಾಯ್ದು ಬರುತ್ತಿತ್ತು. ನನ್ನ ತಮ್ಮನ ಮದುವೆಗೆಂದು ನಾವು ಬ್ರಹ್ಮಪುರಕ್ಕೆ ಹೋದ ಹೊತ್ತು ನೋಡಿ, ಭಾವನವರು ಕಾಲುವೆಗೆ ಮಣ್ಣು ತುಂಬಿ, ಮೇಲೆ ಗುಂಡು ಉರುಳಿಸಿ, ಕಣದಲ್ಲಿ ಸೇರಿಸಿಬಿಟ್ಟರು. ನೆಗೆಣ್ಣಿ ಅದರ ಮೇಲೆ ಸೆಗಣಿ ಸಾರಿಸಿ ರಂಗೋಲಿ ಬೇರೆ ಹಾಕಿದ್ದಳು. ನಮ್ಮವರು ಕೇಳಲು ಹೋದರೆ ಭಾವನವರು ಶಾಂತವಾಗಿ ಹೇಳಿದರಂತೆ, "ಬಾವಿ ನೀರು ಇಬ್ಬರದೂ ಹೌದಪ. ಇಲ್ಲ ಅಂದೀನೇನು? ಸೇದ್ಕೊಂಡು ಒಯ್ಯಿ. ನನ್ನ ನೆಲದಾಗ ಹಾದು ಹರೀಲಾಕ ಬಿಡಂಗಿಲ್ಲ."

ಅಂದಿನಿಂದ ನೀರು ನನ್ನ ತಲೆಯ ಮೇಲೆ ಬಂತು. ಬೆಳಗಿನ ರೊಟ್ಟಿ ಬಡಿದು, ಮಜ್ಜಿಗೆ ಕಡೆದು, ಕೊಡ ಹೊತ್ತು ಬಾವಿಗೂ ತೋಟಕ್ಕೂ ತಿರುಗುವುದು. ಕೆಂಪುಬಾಳೆ ಹಟಮಾರಿ ಬೆಳೆ, ಬುಡ ಒಣಗಿತೆಂದರೆ ಗೊನೆ ಹಾಕುವುದಿಲ್ಲ. ಕೊಡದ ನೀರು ಅದಕ್ಕೆ ತುಟಿ ಒದ್ದೆ ಮಾಡಿದ ಹಾಗೆ. ಪಟ್ಟಿ ಭಾವನವರದೆಂದು ತೀರ್ಪಾದರೆ ಕಾಲುವೆ ಹೋಯಿತು, ಕಾಲುವೆ ಹೋದರೆ ತೋಟ ಹೋಯಿತು. ಇದು ನನಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆದ್ದರಿಂದ ನಮ್ಮ ಸಾಲಿನ ಕಲ್ಲುಗಳಿಗೆ ನಾನು ಅಮಾವಾಸ್ಯೆಗೊಮ್ಮೆ ಸುಣ್ಣ ಬಳಿದರೆ, ಆಕೆ ಹುಣ್ಣಿಮೆಗೂ ಅಮಾವಾಸ್ಯೆಗೂ ತಮ್ಮ ಸಾಲಿಗೆ ಬಳಿದಳು. ನಾನು ಎರಡು ಕೈ ಕೊಟ್ಟರೆ ಆಕೆ ಮೂರು ಕೈ ಕೊಟ್ಟಳು. ಗಂಜಿ ಹಾಕಿದ ಸುಣ್ಣ. ಬಿಸಿಲಿಗೆ ಆ ಎರಡು ಸಾಲು ಕಣ್ಣು ಚುಚ್ಚುತ್ತಿದ್ದವು.

ಮಾತು ಬಿಟ್ಟಿದ್ದೆವು. ಬಿಟ್ಟಿದ್ದೆವು ಅಂದರೆ ಒಬ್ಬರಿಗೊಬ್ಬರು ಆಡುತ್ತಿರಲಿಲ್ಲ, ಎಮ್ಮೆಗೆ ಆಡುತ್ತಿದ್ದೆವು. ಬಾವಿಯ ಕಟ್ಟೆಯ ಹತ್ತಿರ ನಾನು ಬಂದ ಕೂಡಲೆ ಆಕೆ ತನ್ನ ಎಮ್ಮೆಯ ಬೆನ್ನು ತಟ್ಟಿ, "ಏ ಗೌರಿ, ಮಂದಿ ನೀರು ಕುಡದು ಕುಡದು ಹೊಟ್ಟಿ ಬಂದದ ನೋಡು ಕೆಲವರಿಗಿ" ಅನ್ನುವಳು. ನಾನು ನನ್ನ ಎಮ್ಮೆಗೆ, "ನೀ ಸುಮ್ಮನ ಇರವಾ ಲಕ್ಷ್ಮಿ, ಸತ್ತ ಮಾವನ ಮಾತು ತಿಂದವರಿಗಿ ನೀರು ಯಾಕ ದಕ್ಕೀತು" ಅನ್ನುವೆ. ಎಮ್ಮೆಗಳೆರಡೂ ಒಂದೇ ತಾಯಿಯ ಕರುಗಳು. ಮೆಲುಕು ಹಾಕುತ್ತ ಕೇಳಿಸಿಕೊಳ್ಳುತ್ತಿದ್ದವು.

ಆ ವರ್ಷದ ಸುಗ್ಗಿಯಲ್ಲಿ ತಹಸೀಲ ಕಚೇರಿಯಿಂದ ಸುದ್ದಿ ಬಂತು. ಗಿರ್ದಾವರ, ಅಂದರೆ ಹೊಲಗಳ ತಪಾಸಣೆ ಮಾಡುವ ಸರ್ಕಾರಿ ಮನುಷ್ಯ, ಬಂದು ಕಣ್ಣಾರೆ ನೋಡುತ್ತಾನೆ. ಅವನು ಬಂದಾಗ ಪಟ್ಟಿಯ ಮೇಲೆ ಯಾರ ಕೆಲಸ ನಡೆದಿರುತ್ತದೋ ಕಬ್ಜಾ ಅವರದೆಂದು ಬರೆದುಕೊಳ್ಳುತ್ತಾನೆ. ಹಾಗಂತ ಭಾವನವರಿಗೆ ಯಾರೋ ಹೇಳಿದ್ದರು, ನಮ್ಮವರಿಗೂ ಯಾರೋ ಹೇಳಿದ್ದರು. ಅವನು ಬರುವ ದಿನ ಬೆಳಗಿನ ನಸುಕಿಗೇ ಎರಡೂ ಮನೆಯವರು ಪಟ್ಟಿಯಲ್ಲಿ ಹಾಜರು. ಮೂಡಣ ತುದಿಯಲ್ಲಿ ನೆಗೆಣ್ಣಿ ಸೆಗಣಿಯ ಬುಟ್ಟಿ ಇಟ್ಟುಕೊಂಡು ಕೂತಳು. ಪಡುವಣ ತುದಿಯಲ್ಲಿ, ನಮ್ಮ ಜೋಳದ ತೆನೆಯ ಗುಡ್ಡೆಯ ಮುಂದೆ, ನಾನು ಕೂತೆ. ಗಂಡಸರು ತಮ್ಮ ತಮ್ಮ ಕಲ್ಲುಗಳ ಹೊರಗೆ ಬೀಡಿ ಸೇದುತ್ತ ನಿಂತರು. ಗಿರ್ದಾವರ ಬರುವತನಕ ಕೈ ನಿಲ್ಲಿಸುವಂತಿಲ್ಲ. ಆಕೆ ಸಾರಿಸುತ್ತ ನಡುವಿಗೆ ಬಂದಳು. ನಾನೂ ಸಾರಿಸುತ್ತ ನಡುವಿಗೆ ಹೋದೆ. ಬಿಸಿಲೇರುವ ಹೊತ್ತಿಗೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ನೆಲ ಹಸಿ ಸೆಗಣಿಯಲ್ಲಿ ಮಿರಮಿರ ಮಿಂಚುತ್ತಿತ್ತು. ಮತ್ತೆ ನಮ್ಮ ನಮ್ಮ ತುದಿಗೆ ಹೋಗಿ ಕೂತೆವು.

ಆಗ ಗುಂಯ್ ಎಂಬ ಸದ್ದು.

"ಬಂದ, ಮೋಟಾರದಾಗ ಬಂದ!" ಎಂದು ಭಾವನವರು ಬೀಡಿ ಎಸೆದು ರುಮಾಲು ಸರಿಮಾಡಿಕೊಂಡರು. ಎಲ್ಲರೂ ರಸ್ತೆ ನೋಡಿದೆವು. ರಸ್ತೆ ಬರಿದಾಗಿತ್ತು. ಸದ್ದು ಮೇಲಿಂದ ಬರುತ್ತಿತ್ತು.

ವಿಮಾನವನ್ನು ನಾವು ಕಂಡಿರಲಿಲ್ಲ ಎಂದಲ್ಲ. ಆಗೊಮ್ಮೆ ಈಗೊಮ್ಮೆ ಬಹಳ ಮೇಲೆ, ಹದ್ದಿನಷ್ಟಾಗಿ ಹೋಗುವುದನ್ನು ಕಂಡಿದ್ದೆವು. ಇದು ಹುಮನಾಬಾದದ ಕಡೆಯಿಂದ ರಸ್ತೆಯನ್ನೇ ಹಿಡಿದುಕೊಂಡು, ತಗ್ಗಿನಲ್ಲಿ ಬಂತು. ಎರಡು ಜೊತೆ ರೆಕ್ಕೆ, ಕೆಳಗೆ ಬಂಡಿಯ ಗಾಲಿಯಂಥ ಎರಡು ಗಾಲಿ. ಊರ ಮೇಲೆ ಒಂದು ಸುತ್ತು ಹಾಕಿ ತಿರುಗಿ ಬಂದು, ಮೂಡಣ ದಿಕ್ಕಿಗೆ ಹೋಗಿ, ಮುಖ ಮಾಡಿ ನಮ್ಮ ಪಟ್ಟಿಯ ಕಡೆಗೇ ನಿಂತ ಹಾಗೆ ಕಂಡಿತು. ನಿಂತಿರಲಿಲ್ಲ, ನೇರವಾಗಿ ಬರುತ್ತಿತ್ತು. ಎರಡು ಸಾಲು ಸುಣ್ಣದ ಕಲ್ಲುಗಳ ನಟ್ಟನಡುವೆ ಮೂಗು ನೆಟ್ಟು ಬರುತ್ತಿತ್ತು.

"ಏ, ಇಳೀಲಾಕತ್ತದ! ಇಳೀಲಾಕತ್ತದ ಅದು!" ಎಂದು ನಮ್ಮವರು ಕೂಗಿದರು. "ಹೊರಗ ಬಾ, ಏ ಹೊರಗ ಬಾ!"

ನಾನು ಏಳಲು ಹೋದೆ. ಅರ್ಧ ಎದ್ದವಳು ಮೂಡಣ ತುದಿಗೆ ನೋಡಿದೆ. ನೆಗೆಣ್ಣಿ ಎದ್ದಿರಲಿಲ್ಲ. ಸೆಗಣಿಯ ಬುಟ್ಟಿಯನ್ನು ಮಡಿಲಿಗೆಳೆದುಕೊಂಡು ಕೂತೇ ಇದ್ದಳು. ಭಾವನವರು ಕಲ್ಲಿನ ಆಚೆಯಿಂದ ಆಕೆಗೆ ಕೂಗುತ್ತಿದ್ದರು, "ಏಳಬ್ಯಾಡ! ಗಿರ್ದಾವರನ ಹಂಚಿಕಿ ಅದು! ನೀ ಎದ್ರ ಪಟ್ಟಿ ಬಿಟ್ಟು ಓಡಿದ್ರು ಅಂತ ಬರೀತಾನ!"

ಸರಿ, ನಾನೂ ಕೂತೆ.

ವಿಮಾನ ಆಕೆಯನ್ನು ಕಂಡಿರಬೇಕು. ತಲೆಯ ಮೇಲೆ ಹಾದು ಗಕ್ಕನೆ ಮೇಲಕ್ಕೆದ್ದಿತು. ಒಳಗಿದ್ದವನು ಕೈ ಹೊರಗೆ ಚಾಚಿ ಸರಿಯಿರಿ, ಸರಿಯಿರಿ ಎಂದು ಬೀಸಿದ. ಆ ಗಾಳಿಗೆ ನಮ್ಮ ಕಣದ ಹೊಟ್ಟೆಲ್ಲ ಹಾರಿ ಬಾಳೆಗಿಡಗಳ ಮೇಲೆ ಬಿತ್ತು. ಊರಿನ ನಾಯಿಗಳು ಒಂದೇ ಸಮ ಬೊಗಳತೊಡಗಿದವು. "ನಿಮ್ಮಕ್ಕ ಏಳಂಗಿಲ್ಲ, ನೀ ಆದ್ರೂ ಏಳಲೇ, ಸಾಯ್ತಿ!" ಎಂದು ನಮ್ಮವರು ಅಳುವ ದನಿಯಲ್ಲಿ ಕರೆದರು.

"ಆಕಿ ಎದ್ರ ಏಳ್ತೀನಿ," ಅಂದೆ.

ಬಾಳೆಯ ನೆನಪಿತ್ತು ನನಗೆ. ಆಕೆಗೆ ಏನಿತ್ತೋ ಆಕೆಗೇ ಗೊತ್ತು.

ವಿಮಾನ ಮತ್ತೆ ಸುತ್ತಿ ಬಂತು. ಈ ಸಲ ಇನ್ನೂ ತಗ್ಗಿ ಬಂತು. ಬರಬರುತ್ತ ಅದರ ಸದ್ದಿನಲ್ಲಿ ನೆಲವೇ ಅದುರಿತು. ಕೊನೆಯ ಗಳಿಗೆಗೆ ನೆಗೆಣ್ಣಿ ಬುಟ್ಟಿಯ ಮೇಲೆ ಬೋರಲಾಗಿ ಬಿದ್ದಳು. ಗಾಲಿಗಳು ಆಕೆಯ ಬೆನ್ನಿನ ಮೇಲಿಂದ ದಾಟಿ ಆಚೆ ನೆಲ ಮುಟ್ಟಿದವು. ಮುಟ್ಟಿದ್ದು ಹಸಿ ಸೆಗಣಿಯ ಮೇಲೆ. ಆಮೇಲೆ ಅದು ಉರುಳಲಿಲ್ಲ, ಜಾರಿತು. ಬಾಲ ಒಂದು ಕಡೆಗೆ ಹೊರಳಿ, ಮತ್ತೊಂದು ಕಡೆಗೆ ಹೊರಳಿ, ಸೀದಾ ನನ್ನ ಮೇಲೆ ಬಂತು. ನಾನು ಎದ್ದು ಓಡಿದೆ. ಓಡಿದ್ದೂ ಪಟ್ಟಿಯ ಒಳಗೇ, ತೆನೆಯ ಗುಡ್ಡೆಯ ಹಿಂದಕ್ಕೆ. ವಿಮಾನ ಗುಡ್ಡೆಗೆ ಮೂಗು ತೂರಿಸಿ, ಮೂಗಿನ ಮೇಲೆ ತಿರುಗುವ ಕಟ್ಟಿಗೆಯ ರೆಕ್ಕೆ ಪಟ್ಟನೆ ಮುರಿದು, ಬಾಲ ಎತ್ತಿಕೊಂಡು ನಿಂತಿತು. ನಮ್ಮ ವರ್ಷದ ಜೋಳ ನನ್ನ ತಲೆಯ ಮೇಲೆ ಉದುರಿತು.

ಚಾಲಕ ಇಳಿದ. ಕಣ್ಣಿಗೆ ಕಟ್ಟಿದ ಕನ್ನಡಕ ತೆಗೆದು, ನೆಲದಲ್ಲಿ ಕಾಲಿಟ್ಟ ಕೂಡಲೆ ಜಾರಿ ಕೂತ. ಹಿಂದೆ ಕುಳಿತಿದ್ದ ಹೈದರಾಬಾದಿನ ದೊಡ್ಡ ಸಾಹೇಬರು ಇಳಿಯುವ ಮುಂಚೆ ವಾಂತಿ ಮಾಡಿಕೊಂಡರು. ಭಾವನವರು ಓಡಿಬಂದು ಕೈಮುಗಿದು ನಿಂತರು. ಚಾಲಕ ಎದ್ದು, ಕೈ ಒರೆಸಿಕೊಳ್ಳುತ್ತ ಕೇಳಿದ, "ಯೇ ಗುಲ್ಬರ್ಗಾ ಹೈ ನಾ?"

"ನೈ ಸಾಬ್. ಕಮಲಾಪುರ."

ಅವನು ಊರ ಕಡೆ ನೋಡಿದ, ಬಾಳೆತೋಟ ನೋಡಿದ, ಎರಡು ಸಾಲು ಕಲ್ಲು ನೋಡಿದ. ಕಲಬುರಗಿ ಬಜಾರದಲ್ಲಿ ಆಡಿ ಬೆಳೆದವಳು ನಾನು, ಅವನ ಉರ್ದು ತಿಳಿಯಿತು. ಹೊರಡುವಾಗ ಅವನಿಗೆ ಹೇಳಿಕಳಿಸಿದ್ದರಂತೆ, ರಸ್ತೆ ಹಿಡಿದು ಹೋಗು, ರಸ್ತೆಯ ಮಗ್ಗುಲಿಗೆ ಸುಣ್ಣ ಬಳಿದ ಎರಡು ಸಾಲು ಕಲ್ಲು, ನಡುವೆ ಸಾಫಾದ ಮೈದಾನ, ಅಲ್ಲಿ ಇಳಿ ಎಂದು. ಎರಡು ಸಾಲು ಕಂಡಿತು, ಸಾಫ್ ಮೈದಾನ ಕಂಡಿತು, ಮೈದಾನದಲ್ಲಿ ಹಾಜರಿಗೆ ಜನವೂ ಕಂಡಿತು. "ಇಂಥಾ ಸುಣ್ಣ ನಾನು ಹೈದರಾಬಾದಿನಲ್ಲೂ ಕಂಡಿಲ್ಲ. ಹೊಲದಲ್ಲಿ ಯಾವ ಹುಚ್ಚ ಇದನ್ನು ಬಳಿದವನು?" ಎಂದು ಚೀರಿದ.

ಆ ಹೊತ್ತಿಗೆ ಕುದುರೆಯ ಮೇಲೆ ಗಿರ್ದಾವರ ಬಂದ. ಹಿಂದೆ ಗೌಡರು ಓಡುತ್ತ ಬಂದರು. ದೊಡ್ಡ ಸಾಹೇಬರನ್ನು ಕಂಡು ಗಿರ್ದಾವರ ಕುದುರೆಯಿಂದ ಧುಮುಕಿದ. ಅವನು ನಮ್ಮ ಗಂಡಸರ ಕಡೆ ತಿರುಗಿ, "ಈ ಕಲ್ಲು ಯಾರವು? ಬೊಗಳ್ರಿ!" ಅಂದ.

ಭಾವನವರು, "ನನಗ ಗೊತ್ತಿಲ್ರೀ ಸಾಹೇಬ್ರ. ನನ್ನವಲ್ಲ" ಅಂದರು.

ನಮ್ಮವರು ನೆಲ ನೋಡುತ್ತ, "ನನ್ನವೂ ಅಲ್ರೀ" ಅಂದರು.

ವರ್ಷಗಟ್ಟಲೆ ಈ ಕಲ್ಲಿಗಾಗಿ ಕುಡಗೋಲು ಎತ್ತಿದ ಅಣ್ಣತಮ್ಮಂದಿರು! ನನ್ನ ಮೈ ಉರಿದುಹೋಯಿತು. ಜೋಳ ಕೊಡವಿಕೊಂಡು ಮುಂದೆ ಬಂದೆ. "ಆ ಬಡಗಣ ಸಾಲು ನಮ್ಮದ್ರೀ. ಸುಣ್ಣ ನಾನು ಬಳದೀನಿ. ಪಟ್ಟಿ ನಮ್ಮದು, ಅದಕ್ಕ ಬಳದೀನಿ."

"ಬಾಯಿ ಮುಚ್ಚಲೇ!" ಎಂದು ನಮ್ಮವರು ತೋಳು ಹಿಡಿದರು. ಕೊಡವಿದೆ.

ಹಿಂದಿನಿಂದ ಮತ್ತೊಂದು ದನಿ ಬಂತು. ನೆಗೆಣ್ಣಿ. ಮೋರೆ, ಕುಪ್ಪಸ, ಸೆರಗು ಎಲ್ಲ ಸೆಗಣಿ. "ಆಕಿ ಒಂದು ಸಾಲು ಬಳದ್ರ ನಾ ಒಂದು ಸಾಲು ಬಳದೀನಿ. ತೆಂಕಣ ಸಾಲು ನಮ್ಮದು. ಬರಕೋರಿ. ಮತ್ತ ಆಕಿಗಿ ಸುಣ್ಣ ಕಲಸಲಾಕ ಕಲಿಸಿದಾಕಿ ನಾನು, ಅದೂ ಬರಕೋರಿ."

ಗಿರ್ದಾವರ ಬರೆದುಕೊಂಡ. ಬರೆದುಕೊಂಡು ನಾಲ್ಕೂ ಮಂದಿ ಕಲಬುರಗಿಗೆ ಬರಬೇಕೆಂದ.

ದೊಡ್ಡ ಸಾಹೇಬರು ಯಾರದೋ ಮೋಟಾರಿನಲ್ಲಿ ಹೋದರು. ನಾವು ಎರಡು ಬಂಡಿ ಕಟ್ಟಿದೆವು. ಒಂದರಲ್ಲಿ ನಾಲ್ವರೂ ಕೂಡಬಹುದಿತ್ತು, ಆ ಮಾತು ಯಾರೂ ಎತ್ತಲಿಲ್ಲ. ತೋಟಕ್ಕೆ ನೀರು ಹೊರುವವರಿಲ್ಲ. ನೆರೆಯವಳಿಗೆ ಕೊಡ ಒಪ್ಪಿಸಿ ಬಂದೆ. ಆಕೆ ಎಷ್ಟು ಹೊತ್ತಾಳು, ತನ್ನ ಮನೆಯ ಕೆಲಸ ಬಿಟ್ಟು.

ಬ್ರಹ್ಮಪುರದ ತವರಿನಲ್ಲಿ ಇಳಿದುಕೊಂಡೆವು. ಅಪ್ಪ ವಿಮಾನ ಬರಬೇಕಿದ್ದ ಬೆಳಗ್ಗೆ ಕಲಬುರಗಿ ಮಗ್ಗುಲಿನ ಕೋಟನೂರಿನ ಕಡೆ ಹೋಗಿ ಬಂದವರು, ಎಲ್ಲ ಹೇಳಿದರು. ಅಲ್ಲಿ ಸರ್ಕಾರದವರು ವಿಮಾನಕ್ಕೆ ಮೈದಾನ ಮಾಡಿದ್ದರಂತೆ. ಗುತ್ತಿಗೆ ಹಿಡಿದವನು ಸುಣ್ಣಕ್ಕೆ ಬರೇ ನೀರು ಬೆರೆಸಿ ಬಳಿಸಿದ್ದ. ಮೂರನೆಯ ದಿನಕ್ಕೇ ಕಲ್ಲು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಪೊಲೀಸರು, ವಕೀಲರು, ಸಾಹುಕಾರರು ಹಾರ ಹಿಡಿದುಕೊಂಡು ಆಕಾಶ ನೋಡಿದ್ದೇ ನೋಡಿದ್ದು. "ಹೂವು ಬಾಡಿ, ಆಡು ತಿಂದು ಹೋದವು. ಕೊನಿಗಿ ಸುದ್ದಿ ಬಂತು, ಕಮಲಾಪುರದಾಗ ಯಾವಾಕಿನೋ ಸುಣ್ಣ ಹಚ್ಚಿ ವಿಮಾನ ಇಳಿಸ್ಕೊಂಡಾಳ ಅಂತ. ಯಾವಾಕಿ ಅಂತ ನಕ್ಕೆ ನಾನು!" ಎಂದು ಅಪ್ಪ ತಲೆ ಚಚ್ಚಿಕೊಂಡರು.

ಭಾವನವರೂ ನೆಗೆಣ್ಣಿಯೂ ನಮ್ಮ ತವರಿಗೆ ಬರಲಿಲ್ಲ. ಸ್ಟೇಶನ್ ಬಜಾರದ ಧರ್ಮಶಾಲೆಯಲ್ಲಿ ಉಳಿದರು. ಮನಸ್ಸು ತಡೆಯದೆ ಅವ್ವ ರೊಟ್ಟಿ ಪಲ್ಯ ಕಟ್ಟಿ ಕಳಿಸಿದಳು. ನೆಗೆಣ್ಣಿ ಗಂಟು ಬಿಚ್ಚಿ ನೋಡಿ, ರೊಟ್ಟಿಯನ್ನು ಮುರಿದು ನಾಯಿಗೆ ಹಾಕಿದಳಂತೆ. ಅರಿವೆಯನ್ನು ಮಾತ್ರ ಮಡಚಿ ವಾಪಸು ಕಳಿಸಿದಳು. ಅವ್ವನಿಗೆ ಹೇಳಿದೆ, "ನಾಯಿ ಹೊಟ್ಟಿಯಾದ್ರೂ ತುಂಬ್ತಲ್ಲ, ಬಿಡು."

ಮರುದಿನ ಕಚೇರಿಯ ಜಗಲಿಯಲ್ಲಿ ಕೂತಿದ್ದೇ ಕೂತಿದ್ದು. ಒಂದು ಕಂಬಕ್ಕೆ ನಾನು, ಇನ್ನೊಂದು ಕಂಬಕ್ಕೆ ಆಕೆ. ಕರೆದಾಗ ಒಳಗೆ ಹೋದೆವು. ಮೇಜಿನ ಹಿಂದೆ ಒಬ್ಬ ಅಧಿಕಾರಿ, ಮಗ್ಗುಲಿಗೆ ಉರ್ದು ಕನ್ನಡ ಎರಡೂ ಬಲ್ಲ ಕಾರಕೂನ, ಪೇಶ್ಕಾರ. ನಿಂತಿದ್ದ ಚಾಲಕನ ಬೂಟಿನಲ್ಲಿ ಇನ್ನೂ ಸೆಗಣಿ. ಅಧಿಕಾರಿಯ ಮನಸ್ಸಿನಲ್ಲಿ ಬೇರೆಯೇ ಅನುಮಾನ ಇತ್ತೆಂದು ಆಮೇಲೆ ತಿಳಿಯಿತು. ಸರ್ಕಾರದ ಮೈದಾನದ ಹಾಗೆಯೇ ಕಾಣುವಂತೆ ಬೇಕೆಂದೇ ಮಾಡಿ, ದೊಡ್ಡ ಸಾಹೇಬರ ಜೀವ ತೆಗೆಯುವ ಹುನ್ನಾರವೋ ಏನೋ ಎಂದು.

ಪೇಶ್ಕಾರ ನನ್ನನ್ನು ಕೇಳಿದ, "ಹೊಲದಾಗಿನ ಕಲ್ಲಿಗಿ ಇಷ್ಟು ಸುಣ್ಣ ಯಾಕ ಬಳದಿ?"

"ಆಕಿ ಬಳದಳು ಅಂತ ಬಳದೆ."

ನೆಗೆಣ್ಣಿಯನ್ನು ಕೇಳಿದ, "ನೀ ಯಾಕ ಬಳದಿ?"

"ಈಕಿ ಬಳದಳು ಅಂತ."

"ವಿಮಾನ ಬಂದಾಗ ಯಾಕ ಏಳಲಿಲ್ಲ?"

"ಈಕಿ ಎದ್ದಿದ್ರ ಏಳತಿದ್ದೆ," ಅಂದಳು ನೆಗೆಣ್ಣಿ. "ಈಕಿ ಕೂತ ಮ್ಯಾಲ ನಾ ಹ್ಯಾಂಗ ಏಳಲಿ ರೀ?"

ಪೇಶ್ಕಾರ ಅದನ್ನು ಉರ್ದುವಿನಲ್ಲಿ ಹೇಳುವಾಗ ನಗು ತಡೆಯಲಾರದೆ ಕೆಮ್ಮಿದ. ಅಧಿಕಾರಿ ನಗಲಿಲ್ಲ. ಬಹಳ ಹೊತ್ತು ನಮ್ಮಿಬ್ಬರ ಮುಖ ನೋಡಿದ. ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದ ರೀತಿ ಕಂಡು ಅವನ ಅನುಮಾನ ಇಳಿದಿರಬೇಕು. ಇಂಥಾ ಇಬ್ಬರು ಕೂಡಿ ಹುನ್ನಾರ ಮಾಡುವುದು ಸಾಧ್ಯವಿಲ್ಲ ಎಂದು ಯಾವ ಕಣ್ಣಿದ್ದವನಿಗೂ ಕಾಣುತ್ತಿತ್ತು. ಪಟ್ಟಿ ಯಾರದೆಂದು ಹೇಳಿಸಿಕೊಳ್ಳಲು ಭಾವನವರು ಬಾಯಿ ತೆರೆದರು. ಅಧಿಕಾರಿ ಕೈಯೆತ್ತಿ ಬಾಯಿ ಮುಚ್ಚಿಸಿದ. ಅದು ತನ್ನ ಕೆಲಸವಲ್ಲ ಅಂದ. ಹುಕುಂ ಇಷ್ಟೇ. ಕಲ್ಲಿಗೆಲ್ಲ ಕೆಸರು ಬಳಿದು ಬಿಳುಪು ಅಳಿಸಬೇಕು. ಇನ್ನು ಮುಂದೆ ಯಾವ ವಿಮಾನವೂ ಅಲ್ಲಿ ಇಳಿಯದಂತೆ ಪಟ್ಟಿಗೆ ಅಡ್ಡಲಾಗಿ ಕಂದಕ ತೋಡಬೇಕು. ಆ ಕಂದಕವನ್ನು ಮುಚ್ಚಿದವರು ಜೇಲು ನೋಡುತ್ತಾರೆ.

ಅಡ್ಡಲಾಗಿ ಕಂದಕ! ಬಾವಿಯ ಕಡೆಯಿಂದ ನಮ್ಮ ಕಡೆಗೆ! ಮುಖ ತಗ್ಗಿಸಿ ನಿಂತೆ. ನೆಗೆಣ್ಣಿ ಇನ್ನೂ ನನ್ನನ್ನೇ ದುರುಗುಟ್ಟುತ್ತಿದ್ದಳು, ಅವಳಿಗೆ ಹೊಳೆದಿರಲಿಲ್ಲ. ಹೊಳೆಯುವುದರೊಳಗೆ ಊರು ಸೇರಬೇಕು. ಹೊರಗೆ ಬಂದು ನಮ್ಮವರಿಗೆ, "ಬಂಡಿ ಹೂಡ್ರಿ, ಈಗಲೇ ಹೂಡ್ರಿ" ಅಂದೆ. "ಉಂಡು ಹೋಗೂಣಲ್ಲ" ಅಂದರು. "ಹೊಟ್ಟಿಗೇನು ಬೆಂಕಿ ಬಿದ್ದದ? ಹೂಡ್ರಿ!"

ಊರು ಮುಟ್ಟಿ ನೋಡಿದರೆ ತೋಟ ಜೋತುಬಿದ್ದಿತ್ತು. ನೆರೆಯವಳು ಒಂದು ದಿನ ನೀರು ಹೊತ್ತು ಬಿಟ್ಟಿದ್ದಳು. ಎಲೆಗಳು ಒದ್ದೆ ಅರಿವೆಯ ಹಾಗೆ ಇಳಿಬಿದ್ದಿದ್ದವು. ಮುಟ್ಟಿದರೆ ಒದ್ದೆಯಿರಲಿಲ್ಲ, ಅಂಚು ಪುಡಿಯಾಗುತ್ತಿತ್ತು.

ಗೌಡರು ಆಳುಗಳನ್ನು ಕರೆದುಕೊಂಡು ಪಟ್ಟಿಗೆ ಬಂದಾಗ ನಾನು ಮೊದಲೇ ಅಲ್ಲಿ ನಿಂತಿದ್ದೆ. ಎಲ್ಲಿ ನಿಂತಿದ್ದೆ ಎಂದು ಹೇಳಬೇಕಿಲ್ಲ. ಆಳುಗಳು ಮೊದಲು ಪಟ್ಟಿಯ ನಟ್ಟನಡುವೆ ಗುದ್ದಲಿ ಹಾಕಿದರು. ಠಣ್ ಎಂದು ಸಿಡಿಯಿತು. ವರ್ಷವರ್ಷವೂ ಗುಂಡು ಉರುಳಿಸಿದ ಗರಸು ಕಲ್ಲಾಗಿತ್ತು. ಇನ್ನೊಂದು ಕಡೆ ಹಾಕಿದರು, ಅಲ್ಲೂ ಹಾಗೇ.

"ಇಲ್ಲಿ ಹಾಕಿ ನೋಡ್ರಪಾ," ಅಂದೆ.

ಹಾಕಿದರು. ಗುದ್ದಲಿ ಅರ್ಧ ಇಳಿಯಿತು. ಭಾವನವರು ನಮ್ಮ ಕಾಲುವೆಗೆ ತುಂಬಿಸಿದ ಮಣ್ಣು, ಒಳಗೆ ಇನ್ನೂ ಸಡಿಲು. "ಇಲ್ಲಿ ಬೆಣ್ಣಿ ಇದ್ದಂಗ ಅದ್ರೀ ಗೌಡ್ರ," ಎಂದು ಆಳು ಖುಷಿಯಲ್ಲಿ ಸೊಂಟಕ್ಕೆ ಅರಿವೆ ಬಿಗಿದ.

ಅಷ್ಟರಲ್ಲಿ ಅವರ ಬಂಡಿ ಬಂತು. ನೆಗೆಣ್ಣಿ ಬಂಡಿ ನಿಲ್ಲುವ ಮುಂಚೆಯೇ ಧುಮುಕಿ ಓಡಿಬಂದಳು. "ಗೌಡ್ರ! ಅಲ್ಲಿ ಬ್ಯಾಡ್ರಿ! ಬ್ಯಾರೆ ಕಡಿ ತೋಡ್ರಿ!"

"ಯಾಕವಾ?"

"ಅಲ್ಲಿ ತೋಡಿದ್ರ ಬಾವಿ ನೀರು ಸೀದಾ ಆಕಿ ತ್ವಾಟಕ್ಕ ಹೋಗ್ತದ!"

"ಅಡ್ಡ ತೋಡ್ರಿ ಅಂತ ಹುಕುಂ ಅದ. ಎಲ್ಲಿ ಅಂತ ಹುಕುಮಿನಾಗ ಇಲ್ಲ. ಗಟ್ಟಿ ನೆಲ ಒಡೀಲಾಕ ನನ್ನ ಆಳು ಏನು ನಿನ್ನ ಮನಿ ಎತ್ತೇನು?" ಗೌಡರಿಗೆ ಈ ಎರಡು ಮನೆಯ ಜಗಳ ಸಾಕುಸಾಕಾಗಿತ್ತು. ದೊಡ್ಡ ಸಾಹೇಬರೆದುರು ಅವರ ಮಾನವೂ ಹೋಗಿತ್ತು. "ನಿನ್ನ ಗಂಡಂಗ ಕೇಳು ಬೇಕಾದ್ರ. ಅವತ್ತ ಎಲ್ಲರ ಮುಂದ ಕಲ್ಲು ನನ್ನವಲ್ಲ ಅಂದಾನ. ಕಲ್ಲು ಅವಂದಲ್ಲ ಅಂದ್ರ ನೆಲ ಎಲ್ಲಿದು ಅವಂದು?"

ನೆಗೆಣ್ಣಿ ಗಂಡನ ಕಡೆ ತಿರುಗಿದಳು. ಭಾವನವರು ಎತ್ತಿನ ಕೊರಳ ಹುರಿ ಬಿಚ್ಚುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಅಂದಿನ ಆಕೆಯ ಮುಖ ನನಗೆ ಚೆನ್ನಾಗಿ ನೆನಪಿದೆ. ಮರುಕ ಬರಲಿಲ್ಲ, ಈಗಲೂ ಬರುವುದಿಲ್ಲ. ನಮ್ಮವರೂ ಅದೇ ಮಾತು ಅಂದಿದ್ದರು, ಗೌಡರು ಅದನ್ನು ಎತ್ತದೆ ಬಿಟ್ಟದ್ದು ನಮ್ಮ ಪುಣ್ಯ. ಅದನ್ನು ನಾನು ಯಾಕೆ ನೆನಪಿಸಲಿ?

ಪಟ್ಟಿಯ ತೀರ್ಪು ಆಗಲೇ ಇಲ್ಲ. ಗಿರ್ದಾವರನಿಗೆ ಬೇರೆ ತಾಲೂಕಿಗೆ ವರ್ಗವಾಯಿತು, ಆಮೇಲೆ ಬಂದವನು ಆ ಕಡೆ ತಲೆ ಹಾಕಲಿಲ್ಲ. ಕೆಸರು ಬಳಿದ ಕಲ್ಲುಗಳು ಮಣ್ಣಲ್ಲಿ ಕಾಣದಾದವು. ನೆಲದಲ್ಲಿ ಜಾಲಿ ಎದ್ದಿದೆ. ಅವರೂ ಬಿತ್ತುವುದಿಲ್ಲ, ನಾವೂ ಬಿತ್ತುವುದಿಲ್ಲ. ಕಂದಕ ಮಾತ್ರ ಕಂದಕವಾಗಿಯೇ ಉಳಿಯಿತು. ಮುಚ್ಚಿದರೆ ಜೇಲು.

ಆವೊತ್ತು ಸಂಜೆಯೊಳಗೆ ತೋಡುವುದು ಮುಗಿಯಿತು. ನಮ್ಮವರು ಬಾವಿಯಲ್ಲಿ ಕಪಿಲೆ ಹೂಡಿದರು. ತೊಗಲಿನ ಚೀಲದಿಂದ ನೀರು ತೊಟ್ಟಿಗೆ ಬಿದ್ದು, ತೊಟ್ಟಿಯಿಂದ ಕಂದಕಕ್ಕೆ ಇಳಿಯಿತು. ಬಹಳ ದಿನ ಒಣಗಿದ್ದ ಮಣ್ಣು ಮೊದಲು ನೀರನ್ನೆಲ್ಲ ಕುಡಿಯಿತು. ಆಮೇಲೆ ಕೆಂಪಗೆ ನೊರೆ ಕಟ್ಟಿಕೊಂಡು ಮುಂದೆ ಹರಿಯತೊಡಗಿತು. ಪಟ್ಟಿಯ ನಡುವೆ ನೆಗೆಣ್ಣಿ ಸೀರೆ ಎತ್ತಿಕಟ್ಟಿ ಕಂದಕಕ್ಕೆ ಇಳಿದು, ಎರಡೂ ಕಾಲು ಜೋಡಿಸಿ ಅಡ್ಡ ನಿಂತಳು. ಮುಚ್ಚಬಾರದು ಅಂತ ಹುಕುಂ, ನಿಲ್ಲಬಾರದು ಅಂತ ಅಲ್ಲವಲ್ಲ. ನೀರು ಆಕೆಯ ಮೀನಖಂಡದವರೆಗೆ ಏರಿತು. ನಾನು ಗುದ್ದಲಿ ತೆಗೆದುಕೊಂಡು ಹೋಗಿ ಆಕೆಯ ಪಾದದ ಮಗ್ಗುಲ ಮಣ್ಣು ಕೆತ್ತಿದೆ. ಇನ್ನೊಂದು ಏಟು ಈಚೆ ಬಿದ್ದಿದ್ದರೆ ಕಾಲ್ಬೆರಳಿಗೆ ಬೀಳುತ್ತಿತ್ತು, ಅದು ಆಕೆಗೂ ಗೊತ್ತಿತ್ತು, ಆದರೂ ಕದಲಲಿಲ್ಲ. ನೀರು ಮಗ್ಗುಲು ಹಾದು ತೋಟದ ಕಡೆ ನಡೆಯಿತು.

ಬಾಳೆಯಲ್ಲಿ ಅರ್ಧದಷ್ಟು ಬದುಕಿದವು. ಉಳಿದವುಗಳ ಬುಡ ಒಣಗಿ ಟೊಳ್ಳಾಗಿತ್ತು. ಅವನ್ನು ಒಂದೊಂದಾಗಿ ಕಿತ್ತು, ಅವರ ಹೊಲದೊಳಕ್ಕೆ ಎಸೆದು ಬಂದೆ.